ನಮ್ಮ ‘ಅಲ್ಲಿ’ಗೆ ಇಂಗ್ಲಿಷಲ್ಲಿ ಎಷ್ಟು ಹೆಸರು?

ಮೊದಲ ಸೆಮಿಸ್ಟರ್‌ನ ಲ್ಯಾಬ್ ವೈವಾ ನಿಮಗೆಲ್ಲ ನೆನಪಿದೆಯಾ? ನನಗಂತೂ ಚೆನ್ನಾಗಿ ಇದೆ. “ವೋಲ್ಟೇಜ್ ಇನ್ ದ ರೆಸಿಸ್ಟರ್...” ಅಂತ ಶುರು ಮಾಡಿದೆ ಅಷ್ಟೇ, ಹಿಂದೆ ನಿಂತಿದ್ದ ಇಬ್ಬರು ಕಿಸಕ್ಕನೆ ನಕ್ಕರು. ನನ್ನ ಬಾಯಿ ಅಲ್ಲಿಗೇ ಕಟ್ಟಿಹೋಯ್ತು. ಪುಣ್ಯಕ್ಕೆ ಲ್ಯಾಬಿನ ಸರ್ ಕನ್ನಡದಲ್ಲೇ, “ವೋಲ್ಟ್‌ಮೀಟರ್ ಎಲ್ಲಿ ಹಾಕ್ತೀಯಪ್ಪ, ತೋರ್ಸು” ಅಂದರು. ರೆಸಿಸ್ಟರ್‌ನ ಎರಡೂ ತುದಿಗೆ ವೈರ್ ಕೊಟ್ಟು ತೋರಿಸಿದೆ. “ಸರಿಯಾಗೇ ಇದೆಯಲ್ಲ! ಈ ತುದಿಯಿಂದ ಆ ತುದಿಗೆ ಅಳೀತೀವಿ, ಅದಕ್ಕೇ ಅಕ್ರಾಸ್ ಅನ್ನೋದು. ಕರೆಂಟ್ ಒಳಗೆ ಹಾದು ಹೋಗುತ್ತೆ, ಅದಕ್ಕೆ ಥ್ರೂ” ಅಂದರು.

ಹತ್ತನೇ ಕ್ಲಾಸಲ್ಲಿ ಕನ್ನಡ ಮೀಡಿಯಂನಲ್ಲಿ ಓಮ್‌ನ ನಿಯಮ ಓದಿದವರಿಗೆ ಇದು ಹೊಸದೇನಲ್ಲ. ವಿಭವಾಂತರ ತುದಿಗಳ ‘ನಡುವೆ’, ವಿದ್ಯುತ್ ಪ್ರವಾಹ ವಾಹಕದ ‘ಮೂಲಕ’. ಅಂದರೆ ವಿಷಯ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಅದರ ಇಂಗ್ಲಿಷ್ ಪದ ಮಾತ್ರ. ಕನ್ನಡದಲ್ಲಿ ಯೋಚಿಸಿ ಹೇಳಿದ್ದರೆ ಆ ತಪ್ಪು ಆಗ್ತಾನೇ ಇರಲಿಲ್ಲ.

ನಮ್ಮ ತೊಡಕಿನ ಮೂಲ ಸಪ್ತಮಿ ವಿಭಕ್ತಿಯಲ್ಲಿದೆ. ನಮ್ಮ ‘ಅಲ್ಲಿ’ ಒಂದೇ ಪ್ರತ್ಯಯ, ಎಲ್ಲ ಕಡೆ ದುಡಿಯುತ್ತೆ. ಡೇಟಾ ಮೆಮೊರಿಯಲ್ಲಿದೆ, ಡಿಸ್ಕ್‌ನಲ್ಲಿದೆ, ಈ ಅಡ್ರೆಸ್‌ನಲ್ಲಿದೆ. ಇಂಗ್ಲಿಷಿನವರು ಮೊದಲು ಜಾಗದ ಆಕಾರ ನೋಡ್ತಾರೆ. ಮೆಮೊರಿ ಒಂದು ಡಬ್ಬಿಯ ಹಾಗೆ, ಅದಕ್ಕೆ ಇನ್. ಡಿಸ್ಕ್ ಒಂದು ಹಾಸು, ಅದಕ್ಕೆ ಆನ್. ಅಡ್ರೆಸ್ ಬರೀ ಒಂದು ಬಿಂದು, ಅದಕ್ಕೆ ಅಟ್. ಹಾಗೇ ನಮ್ಮ ‘ಮೇಲೆ’ ಕೂಡ. ಮೇಜಿನ ಮೇಲೆ ಪುಸ್ತಕ ಇರುತ್ತೆ, ಫ್ಯಾನೂ ತಿರುಗುತ್ತೆ. ಪುಸ್ತಕ ಮೇಜಿಗೆ ತಾಗಿದೆ, ಆದ್ದರಿಂದ ಆನ್. ಫ್ಯಾನ್ ತಾಗಿಲ್ಲ, ಅದಕ್ಕೆ ಓವರ್ ಅಥವಾ ಅಬೋವ್. ಮಟ್ಟ ಅಳೆದು ಹೇಳುವಾಗ ಅಬೋವ್: ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ ಅನ್ನೋ ಕಡೆ ಓವರ್ ಹೊಂದಲ್ಲ.

ಹಾಗಂತ ಇಂಗ್ಲಿಷಿನ ಈ ವಿಂಗಡಣೆಯೇ ಲೋಕನಿಯಮ ಅಂದ್ಕೋಬೇಡಿ. 1991ರಲ್ಲಿ ಸೂನ್ಜಾ ಚೋಯ್, ಮೆಲಿಸ್ಸಾ ಬೋವರ್‌ಮನ್ ಎಂಬ ಇಬ್ಬರು ಸಂಶೋಧಕಿಯರು ಇಂಗ್ಲಿಷ್ ಮತ್ತು ಕೊರಿಯನ್ ಮಕ್ಕಳ ಮಾತನ್ನು ಹೋಲಿಸಿ ಬರೆದರು. ಬೆರಳಿಗೆ ಉಂಗುರ ಹಾಕೋದು ಇಂಗ್ಲಿಷಲ್ಲಿ ಆನ್, ಕ್ಯಾಸೆಟ್ಟನ್ನ ಅದರ ಪೆಟ್ಟಿಗೆಗೆ ಹಾಕೋದು ಇನ್. ಕೊರಿಯನ್‌ನಲ್ಲಿ ಎರಡೂ ಒಂದೇ ಕ್ರಿಯಾಪದ, ಯಾಕಂದ್ರೆ ಎರಡೂ ಬಿಗಿಯಾಗಿ ಕೂರುತ್ತವೆ. ಅವರ ಕಣ್ಣು ಬಿಗಿ ನೋಡುತ್ತೆ, ಇಂಗ್ಲಿಷಿನ ಕಣ್ಣು ಒಳಗಾ, ಮೇಲಾ ಅಂತ ನೋಡುತ್ತೆ. ಯಾರೂ ದಡ್ಡರಲ್ಲ.

ಈಗ ನನ್ನ ಅಭಿಪ್ರಾಯ. ತಪ್ಪುಗಳಲ್ಲಿ ಎರಡು ಜಾತಿ ಇವೆ. ಒಂದು, ಅರ್ಥವನ್ನೇ ಕೆಡಿಸೋದು. ಅಕ್ರಾಸ್ ಮತ್ತು ಥ್ರೂ ಅದಲುಬದಲಾದರೆ ಮೀಟರನ್ನೇ ತಪ್ಪಾಗಿ ಜೋಡಿಸಬಹುದು. ಆಮ್ಮೀಟರನ್ನ ಸೀರೀಸ್‌ನಲ್ಲಿ ಹಾಕೋ ಬದಲು ಸಪ್ಲೈಗೆ ನೇರ ಅಡ್ಡ ಕೊಟ್ಟರೆ ಫ್ಯೂಸ್ ಹೋಗುತ್ತೆ, ಕೆಲವೊಮ್ಮೆ ಮೀಟರೇ ಹೋಗುತ್ತೆ. ಇಂಥ ಕಡೆ ಮೇಷ್ಟ್ರು ಕಟ್ಟುನಿಟ್ಟಾಗಿ ತಿದ್ದಲಿ, ನಾವೂ ಬೇಜಾರಿಲ್ಲದೆ ತಿದ್ಕೊಳ್ಳೋಣ. ಇನ್ನೊಂದು, ಬರೀ ರೂಢಿಯದು. ಕಾರಾದರೆ ಇನ್, ಬಸ್ಸಾದರೆ ಆನ್. ಯಾರಾದರೂ “ಐ ಆಮ್ ಇನ್ ದ ಬಸ್” ಅಂದರೆ ಕೇಳಿದವನಿಗೆ ಏನೂ ತಪ್ಪು ತಿಳಿಯಲ್ಲ. ಅದಕ್ಕೆ ನಗೋದು ಯಾಕೆ?

ನಕ್ಕಾಗ ಏನಾಗುತ್ತೆ ಅಂದರೆ, ಉತ್ತರ ಗೊತ್ತಿರೋ ಹುಡುಗ ಅಥವಾ ಹುಡುಗಿ ಮುಂದಿನ ಸಲ ಕೈ ಎತ್ತಲ್ಲ. ಗ್ರೂಪ್ ಡಿಸ್ಕಷನ್‌ನಲ್ಲಿ ಸುಮ್ಮನೆ ಕೂರ್ತಾರೆ. ನಷ್ಟ ಅವರಿಗೆ ಮಾತ್ರ ಅಲ್ಲ, ಆ ಪ್ರಾಜೆಕ್ಟ್ ಟೀಮಿಗೂ ಹೌದು.

ಹಾಗಾಗಿ ಜೂನಿಯರ್‌ಗಳಿಗೆ ಒಂದು ಮಾತು: ಪಟ್ಟಿ ಬಾಯಿಪಾಠ ಮಾಡೋ ಮೊದಲು ಮೂರು ಪ್ರಶ್ನೆ ಕೇಳ್ಕೊಳ್ಳಿ. ಒಳಗಾ? ತಾಗಿದೆಯಾ? ಬರೀ ಬಿಂದುವಾ? ಅರ್ಧಕ್ಕಿಂತ ಹೆಚ್ಚು ಗೊಂದಲ ಅಲ್ಲೇ ತೀರುತ್ತೆ, ಉಳಿದದ್ದು ಕೇಳಿ ಕೇಳಿ ಬರುತ್ತೆ. ಸೀನಿಯರ್‌ಗಳಿಗೂ ಒಂದು ಮಾತು: ಪಕ್ಕದವರು ತಪ್ಪಿದಾಗ ನಗಬೇಡಿ. ಆ ಸರ್ ಕೇಳಿದ ಹಾಗೆ ಕೇಳಿ, “ಎಲ್ಲಿ, ತೋರ್ಸು” ಅಂತ.