ಮಳೆ ಮಹಾಬಳೇಶ್ವರದಲ್ಲಿ, ನೆರೆ ಚಿಕ್ಕೋಡಿಯಲ್ಲಿ: ರೆಡ್ ಅಲರ್ಟ್ ಹೇಳದ ಸಂಗತಿ

ಜುಲೈ ಬಂತೆಂದರೆ ಮೊಬೈಲ್ ತುಂಬ ಬಣ್ಣಗಳು. ಯೆಲ್ಲೋ, ಆರೆಂಜ್, ರೆಡ್. ಮುಂಬೈ, ಪುಣೆಯಲ್ಲಿರುವ ಉತ್ತರ ಕರ್ನಾಟಕದವರು ಊರಿನ ಜಿಲ್ಲೆಗೆ ಯಾವ ಅಲರ್ಟ್ ಬಂದಿದೆ ಎಂದು ನೋಡಿ ಮನೆಗೆ ಫೋನ್ ಮಾಡುತ್ತಾರೆ. ‘ಇಲ್ಲಿ ಮಳೀನ ಇಲ್ಲ, ಬಿಸಲು ಬಿದ್ದೈತಿ’ ಎಂಬ ಉತ್ತರ ಬರುತ್ತದೆ. ಎರಡು ದಿನ ಕಳೆಯುವಷ್ಟರಲ್ಲಿ ಅದೇ ಊರಿನ ಕಬ್ಬಿನ ಗದ್ದೆಗೆ ಕೃಷ್ಣೆ ನುಗ್ಗಿರುತ್ತಾಳೆ.

ಇದರಲ್ಲಿ ಹವಾಮಾನ ಇಲಾಖೆಯ ತಪ್ಪೇನೂ ಇಲ್ಲ. ಆ ಬಣ್ಣಗಳು ಹೇಳುವುದು ಜಿಲ್ಲೆಯ ಮೇಲೆ ಬೀಳಬಹುದಾದ ಮಳೆಯ ಬಗ್ಗೆ, ಅದಕ್ಕೆ ಎಷ್ಟು ಸಿದ್ಧರಾಗಿರಬೇಕು ಎಂಬುದರ ಬಗ್ಗೆ. ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ, 115.6ಕ್ಕೆ ಅತಿ ಭಾರಿ ಮಳೆ, 204.4 ದಾಟಿದರೆ ಅತ್ಯಂತ ಭಾರಿ ಮಳೆ. ಆದರೆ ಜಿಲ್ಲೆ ಎಂಬುದು ಕಂದಾಯದ ಗಡಿ, ಮೋಡದ ಗಡಿಯಲ್ಲ. ಬೆಳಗಾವಿ ಜಿಲ್ಲೆಗೆ ಅಲರ್ಟ್ ಬಂದಾಗ ಖಾನಾಪುರದ ಕಣಕುಂಬಿಯಲ್ಲಿ ಜಡಿಮಳೆ ಸುರಿಯುತ್ತಿರುತ್ತದೆ, ಅದೇ ಜಿಲ್ಲೆಯ ಅಥಣಿಯ ರೈತ ಆಕಾಶ ನೋಡುತ್ತ ಕುಳಿತಿರುತ್ತಾನೆ. ಸಿಡಿಲು, ಬಿರುಗಾಳಿಯ ಎಚ್ಚರಿಕೆಯ ವಿಷಯ ಬೇರೆ. ಅದು ನೆತ್ತಿಯ ಮೇಲಿನ ಮೋಡದ್ದೇ.

ಕೃಷ್ಣಾ ತೀರದ ನೆರೆ ಬರುವುದು ಬೇರೆಯವರ ಆಕಾಶದಿಂದ. ಸಾತಾರಾ, ಸಾಂಗ್ಲಿ, ಕೊಲ್ಹಾಪುರ ಜಿಲ್ಲೆಗಳ ಘಟ್ಟದ ಮಳೆ ಕೋಯ್ನಾ, ವಾರಣಾ, ಪಂಚಗಂಗೆಯಾಗಿ ಹರಿದು ಕರಾಡ, ಸಾಂಗ್ಲಿ, ನರಸೋಬಾವಾಡಿಗಳ ಬಳಿ ಕೃಷ್ಣೆಯನ್ನು ಸೇರುತ್ತದೆ. ರಾಜಾಪುರ ಬ್ಯಾರೇಜ್ ದಾಟಿದ ಮೇಲೆ ನದಿ ಕರ್ನಾಟಕದ್ದು. ಚಿಕ್ಕೋಡಿ ತಾಲ್ಲೂಕಿನಲ್ಲಿ ದೂಧಗಂಗೆಯೂ ಜೊತೆಯಾಗುತ್ತದೆ. ಭೀಮೆಯ ಕತೆಯೂ ಇದೇ. ಪುಣೆಯಲ್ಲಿ ನಿಮ್ಮ ಮನೆ ಹತ್ತಿರ ಹರಿಯುವ ಮುಠಾ ನದಿಯ ನೀರು ಉಜನಿ ಜಲಾಶಯದ ಮೂಲಕ ಅಫಜಲಪುರದ ಕಡೆಗೇ ಹೋಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿ ಜಿಲ್ಲೆಗಳ ಭೀಮಾ ತೀರ ಮುಳುಗಿದ್ದು ಹೀಗೆಯೇ.

ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳಿವೆ. ಗ್ರಾಮ ಪಂಚಾಯಿತಿ ಮಟ್ಟದ ಮಳೆ ಲೆಕ್ಕ ಸಿಗುತ್ತದೆ. ಆದರೆ ಯಡೂರು, ಕಲ್ಲೋಳದವರಿಗೆ ಬೇಕಾದ ಲೆಕ್ಕ ಗಡಿಯಾಚೆಯದು: ಕೋಯ್ನಾದಿಂದ ಎಷ್ಟು ಬಿಟ್ಟರು, ಸಾಂಗ್ಲಿಯ ಇರ್ವಿನ್ ಸೇತುವೆ ಬಳಿ ಮಟ್ಟ ಎಷ್ಟಿದೆ. ಅಲ್ಲಿ 40 ಅಡಿ ಎಚ್ಚರಿಕೆಯ ಮಟ್ಟ, 45 ಅಡಿ ಅಪಾಯದ ಮಟ್ಟ. 2019ರ ಆಗಸ್ಟ್‌ನಲ್ಲಿ ಅದು 57 ಅಡಿ ಮೀರಿತ್ತು. ಪುಣೆ-ಬೆಂಗಳೂರು ಹೆದ್ದಾರಿ ಕೊಲ್ಹಾಪುರದ ಬಳಿ ದಿನಗಟ್ಟಲೆ ಬಂದ್ ಆಗಿದ್ದು ಓದುಗರಲ್ಲಿ ಅನೇಕರಿಗೆ ನೆನಪಿರಬಹುದು. ಆ ತಿಂಗಳು ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹೊರಬಿಡಬೇಕಾಯಿತು.

ಸಮನ್ವಯಕ್ಕೆ ಪ್ರಯತ್ನ ಆಗಿಲ್ಲವೆಂದಲ್ಲ. 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಅಂದಿನ ಜಲಸಂಪನ್ಮೂಲ ಸಚಿವ ಜಯಂತ ಪಾಟೀಲ ಬೆಂಗಳೂರಿಗೆ ಬಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರೊಂದಿಗೆ ಇದೇ ವಿಷಯ ಚರ್ಚಿಸಿದ್ದರು. ಮರುತಿಂಗಳೇ ಮತ್ತೆ ನೆರೆ ಬಂತು. ರಾಜಕೀಯದ ಮಾತು ಮಾತ್ರ ಪ್ರತಿ ಸಲ ಆಲಮಟ್ಟಿಯ ಎತ್ತರಕ್ಕೆ ಬಂದು ನಿಲ್ಲುತ್ತದೆ. 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಿದರೆ ಸಾಂಗ್ಲಿ, ಕೊಲ್ಹಾಪುರ ಮುಳುಗುತ್ತವೆ ಎಂಬುದು ಮಹಾರಾಷ್ಟ್ರದ ವಾದ. 2019ರ ನೆರೆಗೆ ಆಲಮಟ್ಟಿ ಕಾರಣವಲ್ಲ ಎಂದದ್ದು ಮಹಾರಾಷ್ಟ್ರವೇ ನೇಮಿಸಿದ್ದ ವಡ್ನೇರೆ ಸಮಿತಿ. ಈ ಜಗಳ ನ್ಯಾಯಾಲಯ, ಕೇಂದ್ರದ ಮಟ್ಟದಲ್ಲಿ ನಡೆಯಲಿ. ಅದು ಮುಗಿಯುವವರೆಗೆ ಮುನ್ಸೂಚನೆ ಕಾಯಬೇಕಿಲ್ಲ.

ನೀರಿನ ಲೆಕ್ಕವೇನೋ ಸಿಗುತ್ತದೆ. ಕೊರತೆ ಇರುವುದು ಭಾಷೆಯಲ್ಲಿ. ‘ಕಲ್ಲೋಳ ಬಳಿ ಒಂದು ಲಕ್ಷ ಕ್ಯೂಸೆಕ್ ಹರಿವು, ನದಿ ಪಾತ್ರದ ಜನ ಎಚ್ಚರಿಕೆಯಿಂದ ಇರಬೇಕು’ ಎಂಬ ಪ್ರಕಟಣೆಯಿಂದ ರೈತನಿಗೆ ಏನು ತಿಳಿಯುತ್ತದೆ? ಲಕ್ಷ ಕ್ಯೂಸೆಕ್ ಇಡೀ ದಿನ ಹರಿದರೆ 8.64 ಟಿಎಂಸಿ ಅಡಿ ಎಂದು ನಾವು ಕುಳಿತು ಗುಣಿಸಬಹುದು. ಅವನಿಗೆ ಬೇಕಾದ ಉತ್ತರ ಬೇರೆ: ಕಲ್ಲೋಳ-ಯಡೂರು ಸೇತುವೆ ಎಷ್ಟು ಹೊತ್ತಿಗೆ ಮುಳುಗುತ್ತದೆ? ದಂಡೆಯ ಪಂಪ್‌ಸೆಟ್ ಇವತ್ತೇ ಎತ್ತಬೇಕೋ, ನಾಳೆವರೆಗೆ ಸಮಯ ಇದೆಯೋ? ಕೋಯ್ನಾದ ನೀರು ಗಡಿಗೆ ಬರಲು ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಬೇಕು. ಮನುಷ್ಯರು ಅರ್ಧ ಗಂಟೆಯಲ್ಲಿ ಊರು ಬಿಡಬಹುದು. ಎಮ್ಮೆ, ಆಕಳು, ಮೇವಿನ ಬಣವೆ ಹಾಗಲ್ಲ. ದನ ಬಿಟ್ಟು ಬರಲ್ಲ ಎಂದು ಕೊನೆವರೆಗೆ ಮನೆಯಲ್ಲೇ ಉಳಿದವರನ್ನು ದೋಣಿಯಲ್ಲಿ ಕರೆತರಬೇಕಾಗುವುದು ಈ ಒಂದು ದಿನ ಕೈತಪ್ಪಿದಾಗ. ದೋಣಿಯೂ ನಂಬುವಂಥದ್ದಲ್ಲ. 2019ರಲ್ಲಿ ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ನೆರೆಯಿಂದ ಪಾರಾಗಲು ಹತ್ತಿದ ದೋಣಿಯೇ ಮಗುಚಿ ಹತ್ತಕ್ಕೂ ಹೆಚ್ಚು ಜನ ಸತ್ತರು.

2023ರಲ್ಲಿ ಫೋನ್‌ಗಳು ಒಮ್ಮೆಲೇ ಕಿರುಚಿಕೊಂಡು ನಮ್ಮನ್ನೆಲ್ಲ ಬೆಚ್ಚಿಬೀಳಿಸಿದ್ದು ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ಆಯ್ದ ಟವರ್‌ಗಳ ವ್ಯಾಪ್ತಿಯ ಫೋನ್‌ಗಳಿಗಷ್ಟೇ ಸಂದೇಶ ಕಳಿಸಬಲ್ಲ ವ್ಯವಸ್ಥೆ ಅದು. ಜಿಲ್ಲೆಯ ಹೆಸರು ಬಿಟ್ಟು ನದಿ ದಂಡೆಯ ಹಳ್ಳಿಗಳಿಗೆ, ಸೇತುವೆಯ ಹೆಸರು ಹೇಳಿ, ಕನ್ನಡದಲ್ಲಿ, ಹೊತ್ತು ನಮೂದಿಸಿ ಅದನ್ನು ಬಳಸಲು ಹೊಸ ತಂತ್ರಜ್ಞಾನವೇನೂ ಬೇಕಿಲ್ಲ. ಜೊತೆಗೆ ಡಂಗುರವೂ ಇರಲಿ, ನೆರೆ ಬಂದಾಗ ಕರೆಂಟ್ ಮೊದಲು ಹೋಗುತ್ತದೆ.

ಒಂದು ಮಾತು ಊರ ಹೊರಗಿರುವವರಿಗೆ. ಆ ಸಂದೇಶ ನಿಮ್ಮ ಫೋನ್‌ಗೆ ಬರುವುದಿಲ್ಲ, ನೀವಿರುವ ಟವರ್ ಬೇರೆ. ಆದರೆ ಕೋಯ್ನಾ ಗೇಟ್ ತೆರೆದ ಸುದ್ದಿ ಮರಾಠಿ ವಾಹಿನಿಗಳಲ್ಲಿ ನಿಮಗೇ ಮೊದಲು ಕಾಣುತ್ತದೆ. ಮನೆಗೆ ಫೋನ್ ಮಾಡಿದಾಗ ಅಲ್ಲಿ ಮಳೆ ಇದೆಯಾ ಎಂದು ಕೇಳುವ ಬದಲು, ರಾಜಾಪುರದಿಂದ ಇವತ್ತು ಎಷ್ಟು ಬಿಟ್ಟಿದ್ದಾರೆ, ದೂಧಗಂಗೆಯಲ್ಲಿ ಎಷ್ಟು ಬರುತ್ತಿದೆ ಎಂದು ನೋಡಿ ಹೇಳಿ.