ಆಕ್ರಮಣದ ವ್ಯೂಹವೂ ತರಬೇತುದಾರನ ಹೊಣೆಯೂ

2025ರ ಅಕ್ಟೋಬರ್ 14ರಂದು ಗೋವೆಯ ಮಡಗಾಂವಿನಲ್ಲಿ ಸಿಂಗಪುರವು ಭಾರತವನ್ನು 2–1 ಗೋಲುಗಳಿಂದ ಸೋಲಿಸಿತು. 2027ರ ಏಷ್ಯಾ ಕಪ್ಪಿನ ಬಾಗಿಲು ನಮ್ಮ ಫುಟ್‌ಬಾಲ್ ತಂಡಕ್ಕೆ ಮುಚ್ಚಿಹೋಯಿತು. ತರಬೇತುದಾರ ಖಾಲಿದ್ ಜಮೀಲರ ಆಕ್ರಮಣ ಯೋಜನೆಯೇ ಇದಕ್ಕೆ ಕಾರಣವೆಂಬ ದೂರು ಸಹಜವಾದುದೇ. ಆದರೆ ಫಲವೊಂದನ್ನೇ ಅಳತೆಗೋಲಾಗಿ ಹಿಡಿದು ಯೋಜನೆಯ ಬೆಲೆ ಕಟ್ಟುವುದು ಯುಕ್ತವೆ?

ಈ ಪ್ರಶ್ನೆಯನ್ನು ಹೈದರಾಬಾದಿನಲ್ಲಿ ಕುಳಿತು ಕೇಳುವವರಿಗೆ ಸೈಯದ್ ಅಬ್ದುಲ್ ರಹೀಮರ ನೆನಪಾಗದಿರದು. ಶಾಲಾ ಉಪಾಧ್ಯಾಯರಾಗಿದ್ದ ಅವರು ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಬೆಳೆಸಿದವರು. ಆ ತಂಡವು 1950ರಿಂದ 1954ರವರೆಗೆ ಸತತವಾಗಿ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. 1962ರ ಜಕಾರ್ತಾ ಏಷ್ಯಾ ಕ್ರೀಡೆಗಳಲ್ಲಿ ರಹೀಮರ ಭಾರತ ತಂಡವು ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಕ್ಕೆ 0–2ರಿಂದ ಸೋತಿತು. ಮುಂದೆ ರಕ್ಷಣೆಯ ಆಧಾರಸ್ತಂಭವಾದ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಆಗ ರಹೀಮರು ಮಾಡಿದುದೇನು? ಗಾಯಗೊಂಡವರನ್ನು ಕುಳ್ಳಿರಿಸಲಿಲ್ಲ, ಹಿಂದೆಯೂ ನಿಲ್ಲಿಸಲಿಲ್ಲ. ಸೆಂಟರ್ ಫಾರ್ವರ್ಡ್ ಸ್ಥಾನಕ್ಕೆ ಕಳುಹಿಸಿದರು! ಕೈಸುಟ್ಟುಕೊಂಡ ದೋಸೆ ಭಟ್ಟರನ್ನು ಗಲ್ಲಾದ ಮೇಲೆ ಕೂರಿಸುವ ಯಜಮಾನನ ಲೆಕ್ಕಾಚಾರವಿದು ಎಂದರೆ ನಮ್ಮ ಹೋಟೆಲಿನ ಬಂಧುಗಳಿಗೆ ಬೇಗ ತಿಳಿದೀತು. ದಕ್ಷಿಣ ವಿಯೆಟ್ನಾಮಿನ ಮೇಲಿನ ಸೆಮಿಫೈನಲಿನಲ್ಲಿ ಜರ್ನೈಲರು ಗೋಲು ಹೊಡೆದರು. ಸೆಪ್ಟೆಂಬರ್ 4ರ ಫೈನಲಿನಲ್ಲಿ ಪಿ. ಕೆ. ಬ್ಯಾನರ್ಜಿಯವರ ಗೋಲಿನ ಹಿಂದೆಯೇ ಎರಡನೆಯದನ್ನೂ ಅವರೇ ಹೊಡೆದರು. ಅದೇ ಕೊರಿಯ 1–2ರಿಂದ ಸೋತಿತು. ಗೋಲಿನ ಮುಂದೆ ನಿಂತಿದ್ದವರು ಹೈದರಾಬಾದಿನಲ್ಲೇ ಹುಟ್ಟಿದ ಪೀಟರ್ ತಂಗರಾಜ್.

ಜರ್ನೈಲರು ಅಂದು ಗೋಲು ಹೊಡೆಯದೆ ಹೋಗಿದ್ದರೂ ಆ ನಿರ್ಧಾರ ತಪ್ಪಾಗುತ್ತಿರಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಮಾತು. 1952ರ ಹೆಲ್ಸಿಂಕಿಯಲ್ಲಿ ರಹೀಮರ ತಂಡ ಯುಗೋಸ್ಲಾವಿಯಕ್ಕೆ 1–10ರಿಂದ ಸೋತಿತ್ತು. ಆದರೂ ಅವರಿಗೆ ಕಾಲಾವಕಾಶ ದೊರೆಯಿತು. ನಾಲ್ಕೇ ವರ್ಷಗಳ ತರುವಾಯ ಮೆಲ್ಬರ್ನಿನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ನಮ್ಮ ಕೆಂಪಯ್ಯನವರು ಆ ತಂಡದ ಹಾಫ್ ಬ್ಯಾಕ್.

ಜಮೀಲರು ನೇಮಕಗೊಂಡದ್ದು 2025ರ ಆಗಸ್ಟಿನಲ್ಲಿ. ಸಿಂಗಪುರದ ಪಂದ್ಯಗಳಿಗೆ ಉಳಿದಿದ್ದುದು ಎರಡು ತಿಂಗಳು. ಆ ಅಕ್ಟೋಬರಿನಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾಗಿಯೇ ಇರಲಿಲ್ಲವಾದುದರಿಂದ ಆಟಗಾರರಿಗೆ ಪಂದ್ಯಗಳ ಅಭ್ಯಾಸವೂ ಇರಲಿಲ್ಲ. ಇಷ್ಟನ್ನೂ ಒಪ್ಪಿಕೊಂಡ ಮೇಲೆಯೂ ಒಂದು ಆಕ್ಷೇಪ ಉಳಿಯುತ್ತದೆ. ಮಡಗಾಂವಿನಲ್ಲಿ 14ನೆಯ ನಿಮಿಷಕ್ಕೇ ಛಾಂಗ್ಟೆಯವರು ದೂರದಿಂದ ಹೊಡೆದ ಗೋಲು ಮುನ್ನಡೆ ತಂದಿತ್ತು. ಅದು ಒಬ್ಬನ ಪಾದದ ಬಲ. ವ್ಯೂಹದಿಂದ ಹುಟ್ಟಬೇಕಾಗಿದ್ದ ಎರಡನೆಯ ಗೋಲು ಹುಟ್ಟಲೇ ಇಲ್ಲ. ಸಿಂಗಪುರದ ಸಾಂಗ್ ಉಯಿ-ಯಂಗ್ ವಿರಾಮಕ್ಕೆ ಮುನ್ನ ಒಂದು, ಅನಂತರ ಒಂದು ಗೋಲು ಹೊಡೆದರು. ಅದಕ್ಕೆ ಪ್ರತ್ಯುತ್ತರ ನಮ್ಮ ಬಳಿ ಇರಲಿಲ್ಲ. ಇದರ ಹೊಣೆಯನ್ನು ತರಬೇತುದಾರರು ಹೊರಲೇಬೇಕು. ಮುಂದಿನ ತಿಂಗಳು ಢಾಕಾದಲ್ಲಿ ಬಾಂಗ್ಲಾದೇಶಕ್ಕೆ 0–1ರಿಂದ ಸೋತಾಗಲೂ ಅದೇ ಕೊರತೆ ಕಂಡಿತು.

ಅದೇ 2025ರಲ್ಲಿ ಹೈದರಾಬಾದ್ ಎಫ್.ಸಿ. ತಂಡವು ದೆಹಲಿಗೆ ಸ್ಥಳಾಂತರಗೊಂಡು ಹೆಸರನ್ನೂ ಬದಲಿಸಿಕೊಂಡಿತು. ಆ ಸುದ್ದಿಗೆ ಇದರ ಅರ್ಧದಷ್ಟು ಚರ್ಚೆಯೂ ನಡೆಯಲಿಲ್ಲ.