ಟ್ರಾಕ್ಟರು, ಜೀಪುಗಳ ಗಾಳಿಗೊಳವೆಗೆ ಪ್ರೀಕ್ಲೀನರನ್ನು ಆರಿಸುವ ವಿಚಾರ

ಬಯಲುಸೀಮೆಯ ಗ್ರಾಮಗಳಲ್ಲಿ ಸ್ವಂತ ಟ್ರಾಕ್ಟರನ್ನೂ ಜೀಪನ್ನೂ ಇಟ್ಟುಕೊಂಡಿರುವ ಭೂಮಾಲಿಕರು ಈಗ ಅನೇಕರಿದ್ದಾರೆ. ಇವರು ಡೀಸೆಲಿನ ಬೆಲೆಯನ್ನು ಬಹು ಎಚ್ಚರಿಕೆಯಿಂದ ವಿಚಾರಿಸುವರು. ಯಂತ್ರವು ಸೇವಿಸುವ ಗಾಳಿಯ ವಿಷಯದಲ್ಲಿ ಮಾತ್ರ ಉದಾಸೀನರಾಗಿರುವರು. ಒಂದು ಲೀಟರು ಡೀಸೆಲು ಉರಿಯಬೇಕಾದರೆ 10,000 ಲೀಟರಿಗೆ ಕಡಿಮೆಯಿಲ್ಲದಷ್ಟು ಗಾಳಿಯು ಬೇಕು. ಈ ಗಾಳಿಯೊಡನೆ ಒಳಹೊಕ್ಕ ಮರಳಿನ ಸಣ್ಣ ಕಣಗಳು ಎಣ್ಣೆಯೊಂದಿಗೆ ಬೆರೆತು, ಸಾಣೆಯ ಪುಡಿಯಂತೆ ರಿಂಗುಗಳನ್ನೂ ಸಿಲಿಂಡರನ್ನೂ ಸವೆಯಿಸುತ್ತವೆ. ಬಳಿಕ ಎಣ್ಣೆ ಸುಡುವುದು, ಹೊಗೆ ಹೆಚ್ಚುವುದು, ಬಲ ಕುಗ್ಗುವುದು. ಸುಗ್ಗಿಯ ನಡುವೆ ಯಂತ್ರವು ನಿಂತರೆ ಯಜಮಾನನೊಬ್ಬನಿಗಲ್ಲ, ಬಾಡಿಗೆಗೆ ಅದನ್ನೇ ನಂಬಿದ ನೆರೆಯ ರೈತರೆಲ್ಲರಿಗೂ ನಷ್ಟವು.

ಗಾಳಿ ಶೋಧಕದ ಕೆಲಸವನ್ನು ಹಗುರಮಾಡುವುದಕ್ಕಾಗಿಯೇ ಪ್ರೀಕ್ಲೀನರ್ ಎಂಬ ಉಪಕರಣವು ಇರುವುದು. ಒಳಬರುವ ಗಾಳಿಯನ್ನು ಇದರ ಓರೆಯಾದ ರೆಕ್ಕೆಗಳು ಸುಳಿಯಂತೆ ತಿರುಗಿಸುತ್ತವೆ. ಆಗ ಭಾರವಾದ ಧೂಳು ಅಂಚಿಗೆ ಎಸೆಯಲ್ಪಟ್ಟು ಬೇರೆಯಾಗುವುದು; ಗಾಳಿಯು ನಡುವಿನಿಂದ ಕೆಳಗಿಳಿಯುವುದು.

ಇದನ್ನು ಕೊಳ್ಳುವಾಗ ದೊಡ್ಡದಾದಷ್ಟೂ ಒಳ್ಳೆಯದೆಂಬ ಭಾವನೆಯು ಜನರಲ್ಲಿ ಉಂಟು. ಇದು ಸರಿಯಲ್ಲವೆಂಬುದೇ ನನ್ನ ಅಭಿಪ್ರಾಯವು. ಅಳತೆಗಿಂತ ದೊಡ್ಡದಾದರೆ ಗಾಳಿಯ ವೇಗವು ಸಾಲದೆ ಸುಳಿಯೇ ಏಳುವುದಿಲ್ಲ. ಧೂಳು ನೇರವಾಗಿ ಒಳಕ್ಕೆ ಹೋಗುವುದು. ಚಿಕ್ಕದಾದರೆ ಯಂತ್ರಕ್ಕೆ ಉಸಿರು ಕಟ್ಟಿ ಕಪ್ಪು ಹೊಗೆಯು ಏಳುವುದು. ಲೆಕ್ಕವು ಕಷ್ಟವಾದುದಲ್ಲ. ನಾಲ್ಕು ಹೊಡೆತದ ಯಂತ್ರವು ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿಯನ್ನು ಎಳೆಯುವುದು. 2.5 ಲೀಟರು ಗಾತ್ರದ ಯಂತ್ರವು ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಹೆಚ್ಚೆಂದರೆ 2,500 ಲೀಟರು ಗಾಳಿ ಬೇಕಾಗುವುದು. ಟರ್ಬೊ ಇದ್ದರೆ ಇದರ ಒಂದೂವರೆಯಿಂದ ಎರಡು ಪಟ್ಟು ಹಿಡಿಯಬಹುದು. ಈ ಅಂಕಿಯನ್ನು ಬರೆದುಕೊಂಡು ಹೋಗಿ, ಅಂಗಡಿಯವನು ತೋರಿಸುವ ಸರಕು ಎಷ್ಟು ಗಾಳಿಗೆ ತಕ್ಕುದೆಂದು ಕೇಳತಕ್ಕದ್ದು. ಉತ್ತರ ಹೇಳಲಾರದವನಿಂದ ಕೊಳ್ಳತಕ್ಕದ್ದಲ್ಲ.

ಮುಂದೆ ಬಗೆಯ ವಿಚಾರ. ಧೂಳನ್ನು ಬಟ್ಟಲಿನಲ್ಲಿ ಶೇಖರಿಸುವುದು ಒಂದು ಬಗೆ. ಪಕ್ಕದ ಸೀಳಿನಿಂದ ತಾನಾಗಿಯೇ ಹೊರಕ್ಕೆ ಎಸೆಯುವುದು ಇನ್ನೊಂದು. ಉಳುಮೆಗೂ ಸಾಗಾಣಿಕೆಗೂ ಬಟ್ಟಲಿನದೇ ಸಾಕು. ಆದರೆ ಗುರುತಿನವರೆಗೆ ತುಂಬುವ ಮೊದಲೇ ಅದನ್ನು ಬರಿದುಮಾಡಬೇಕು. ಜೋಳ, ಕಡಲೆಗಳ ಒಕ್ಕಣೆಯಲ್ಲಿ ಹೊಟ್ಟೂ ಧೂಳೂ ಕೂಡಿ ಬಟ್ಟಲು ಬೇಗ ತುಂಬುವುದರಿಂದ, ಒಕ್ಕಣೆಯ ಬಾಡಿಗೆಯನ್ನೇ ನಂಬಿದವರಿಗೆ ಹೊರಕ್ಕೆ ಎಸೆಯುವ ಬಗೆಯೇ ಲೇಸು. ಹೊಟ್ಟನ್ನು ತಡೆಯುವ ಜಾಲರಿಯಿದ್ದರೆ ಅದನ್ನು ಆಗಾಗ್ಗೆ ಒರಸುತ್ತಿರಬೇಕು.

ಜೀಪುಗಳಿಗೆ ಸ್ನಾರ್ಕೆಲ್ ಎಂಬ ಎತ್ತರದ ಗಾಳಿಗೊಳವೆಯನ್ನು ಹಾಕಿಸುವವರು, ಹೊಳೆ ದಾಟುವುದಕ್ಕೆಂದೇ ಅದನ್ನು ಎಣಿಸುವರು. ನೆಲದ ಧೂಳಿನಿಂದ ಮೇಲಕ್ಕಿರುವ ಗಾಳಿಯನ್ನು ಎಳೆಯುವುದೇ ನಮ್ಮ ಸೀಮೆಯಲ್ಲಿ ಅದರ ದೊಡ್ಡ ಪ್ರಯೋಜನವು. ಬೇರೆ ವಾಹನಗಳ ಹಿಂದೆ ಧೂಳಿನಲ್ಲಿ ಹೋಗುವವರು ಅದರ ಬಾಯಿಗೆ ಮುಂದಕ್ಕೆ ತೆರೆದ ತಲೆಯ ಬದಲು ಸುಳಿಯ ತಲೆಯನ್ನು ಹಾಕಿಸುವುದು ಯುಕ್ತವು. ಈ ತಲೆಯು ಮಳೆಹನಿಗಳನ್ನೂ ಬಹಳಮಟ್ಟಿಗೆ ಹೊರಕ್ಕೆ ಎಸೆಯುವುದು. ಆದರೆ ಅದು ನೀರಿನಲ್ಲಿ ಮುಳುಗಿದರೆ ರಕ್ಷಣೆಯಿಲ್ಲ.

ಪ್ರೀಕ್ಲೀನರನ್ನು ಇಟ್ಟೆವೆಂದು ಶೋಧಕವನ್ನು ಮರೆಯುವುದು ಎಲ್ಲಕ್ಕಿಂತ ಹೆಚ್ಚಿನ ಹಾನಿ. ಕಣ್ಣಿಗೆ ಕಾಣದ ನಯವಾದ ಧೂಳು ಸುಳಿಗೆ ಸಿಕ್ಕುವುದಿಲ್ಲ. ಅದನ್ನು ಹಿಡಿಯುವುದು ಎಣ್ಣೆಯ ಬಟ್ಟಲು ಅಥವಾ ಕಾಗದದ ಶೋಧಕವೇ. ರಬ್ಬರು ಕೊಳವೆಯು ಒಂದು ಕಡೆ ಸೀಳಿದ್ದರೂ ಕೊಟ್ಟ ಹಣವೆಲ್ಲ ವ್ಯರ್ಥವು. ಯಂತ್ರವನ್ನು ನಿಲ್ಲಿಸಿ, ಶೋಧಕದಿಂದಾಚೆಗಿನ ಕೊಳವೆಯ ಒಳಗನ್ನು ಬಿಳಿಯ ಬಟ್ಟೆಯಿಂದ ಒರಸಿ ನೋಡಿರಿ. ಬಟ್ಟೆಗೆ ಧೂಳು ಅಂಟಿದರೆ ಎಲ್ಲಿಯೋ ಸೋರಿಕೆಯುಂಟೆಂದು ತಿಳಿಯಬೇಕು.

ಗ್ರಾಮದ ಮುಖ್ಯಸ್ಥರಲ್ಲಿ ಒಂದು ವಿಜ್ಞಾಪನೆ. ಕಣದಲ್ಲಿ ಟ್ರಾಕ್ಟರನ್ನು ಗಾಳಿ ಬೀಸಿಬರುವ ಕಡೆಗೇ ನಿಲ್ಲಿಸುವಂತೆ ಕಟ್ಟುಮಾಡಿರಿ. ಇದಕ್ಕೆ ಕಾಸಿನ ಖರ್ಚೂ ಇಲ್ಲ. ಹೊಟ್ಟು ಯಂತ್ರದಿಂದ ದೂರಕ್ಕೆ ಹಾರಿಹೋಗುವುದು. ಇಷ್ಟನ್ನು ನಡೆಸಿದ ಮೇಲೆ ಕೊಳ್ಳುವ ಪ್ರೀಕ್ಲೀನರು ತನ್ನ ಬೆಲೆಗೆ ತಕ್ಕ ಕೆಲಸವನ್ನು ಮಾಡುವುದರಲ್ಲಿ ಸಂದೇಹವಿಲ್ಲ.